ಎಡಕ್ಕೆ ತಿರುಗಿದ ಒಂದು ಗೇಣು

ಒಂದಾನೊಂದು ಕಾಲದಲ್ಲಿ ಒಂದು ಹುಲ್ಲುಕಡ್ಡಿಗೆ ನದಿ ದಾಟುವ ಆಸೆಯಾಯಿತಂತೆ, ಅಜ್ಜಿಯ ಕಥೆ ಶುರುವಾಗುತ್ತಿದ್ದುದೇ ಹೀಗೆ, ಈಗ ಆ ಹುಲ್ಲೇ ನನ್ನ ಅಂಗೈಯಲ್ಲಿ, ಕಲ್ಲಿನಲ್ಲಿ ಜಜ್ಜಿ ನೀರಲ್ಲಿ ನೆನೆಸಿದ ಹುಲ್ಲು, ಒದ್ದೆ ನಾಯಿಯ ವಾಸನೆ — ಅಲ್ಲ, ಅಜ್ಜಿಯ ಲಂಗದ ವಾಸನೆ, ಒಲೆಹೊಗೆ, ಕುರಿ, ಅವಳು ಜಗಿಯುತ್ತಿದ್ದ ಕೋಕಾ ಎಲೆ — ಒಂಟಿ ಕಡ್ಡಿ ಕೊಚ್ಚಿಹೋಯಿತಂತೆ, ಆಮೇಲೆ ಅದರ ತಂಗಿಯರೆಲ್ಲ ತಬ್ಬಿಕೊಂಡರಂತೆ, ಬಲಕ್ಕೆ ತಿರುಗಿ ಬಿಗಿಯಾಗಿ, ಬಲಕ್ಕೇ ಯಾಕಜ್ಜಿ, ಯಾಕೆ ಅಂದ್ರೆ ನಿನ್ನ ಹಾಗೆ ಪ್ರಶ್ನೆ ಕೇಳೋರು ಅಲ್ಲಿ ಯಾರೂ ಇರ್ಲಿಲ್ಲ ಕಣೆ, ಬಾಯಿ ಮುಚ್ಚಿ ಹೊಸಿ. ಹೊಸೆಯುತ್ತಿದ್ದೇನೆ ಅಜ್ಜಿ. ಬಲಗೈ ಮುಂದಕ್ಕೆ, ಎಡಗೈ ಹಿಂದಕ್ಕೆ, ಸೂರ್ಯ ನೆತ್ತಿಗೆ ಬರುವುದರೊಳಗೆ ಗಂಡಸರು ಹಗ್ಗ ಕೇಳಿಕೊಂಡು ಬರುತ್ತಾರೆ, ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಹುಲ್ಲುಸೇತುವೆ, ಹಳೆಯದನ್ನು ಬೆಳಿಗ್ಗೆಯೇ ಕಡಿದು ನದಿಗೆ ಬಿಟ್ಟಾಯಿತು, ಕಣಿವೆಯ ಎರಡು ದಡಗಳ ನಡುವೆ ಈಗ ಬರೀ ಗಾಳಿ. ಮನೆಗೊಂದು ಹಗ್ಗ, ನಲವತ್ತು ಮಾರು. ಅಜ್ಜಿ ಇಪ್ಪತ್ತಮೂರು ಮುಗಿಸಿ ಕೈ ಚೆಲ್ಲಿದಳು, ಉಳಿದ ಹದಿನೇಳು ನಿಂದು ಯೂಲಿಸಾ, ನಮ್ಮನೆ ಹಗ್ಗ ಸೇತುವೆ ಸೇರ್ಬೇಕು, ಇಲ್ಲಾಂದ್ರೆ ನಾನು ಆಚೆ ದಡಕ್ಕೆ ಹೋಗೋದು ಹೇಗೆ ಮಗಳೇ — ಅಜ್ಜಿ ತೀರಿಹೋಗಿ ಇವತ್ತಿಗೆ ಹನ್ನೊಂದು ದಿನ. ಸತ್ತವರು ಬದುಕಿನುದ್ದಕ್ಕೂ ಇಟ್ಟ ಹೆಜ್ಜೆಗಳನ್ನೆಲ್ಲ ಮತ್ತೆ ಹೆಕ್ಕಿಕೊಳ್ಳಬೇಕು, ಒಂದೂ ಬಿಡುವಂತಿಲ್ಲ, ಅಜ್ಜಿಯ ಮೊದಲ ಹೆಜ್ಜೆಗಳೆಲ್ಲ ಆಚೆ ದಡದವು, ತವರಿನವು. ಮಗ್ಗುಲಲ್ಲೇ ಕಬ್ಬಿಣದ ಸೇತುವೆ ಇದೆಯಲ್ಲ, ಲಾರಿ ಹೋಗುತ್ತೆ, ನೀನು ಹೋಗೋಕಾಗಲ್ವಾ ಎಂದು ನಗಿಸಲು ಕೇಳಿದ್ದೆ, ಅದರ ಮೇಲೆ ನಾನು ಯಾವತ್ತು ಕಾಲಿಟ್ಟಿದ್ದೆ, ಹೆಕ್ಕೋಕೆ ಅಲ್ಲೇನಿದೆ, ಲಾರಿ ಎಣ್ಣೆನಾ ಅಂದಳು. ಆಗ ನಾನು ಐದು ವರ್ಷದವಳು, ಹುಲ್ಲುಸೇತುವೆ ತೊಟ್ಟಿಲಿನ ಹಾಗೆ ತೂಗುತ್ತಿದೆ, ಕೆಳಗೆ ನದಿ ಗೊಣಗುತ್ತಿದೆ, ಮುಂದೆ ಅಜ್ಜಿ, ನೀರು ನೋಡ್ಬೇಡ, ನನ್ನ ಹಿಮ್ಮಡಿ ಮಾತ್ರ ನೋಡು — ಬಿರುಕುಬಿಟ್ಟ ಹಿಮ್ಮಡಿ, ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಹುಲ್ಲುಕಡ್ಡಿ, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ.

ನಾನು ಎಡಚಿ, ತಪ್ಪು ಅಲ್ಲಿಂದಲೇ. ನಿನ್ನೆ ಹದಿನೇಳು ಮಾರೂ ಮುಗಿಸಿ ಬೀಗಿದ್ದೆ, ಬಸೀಲಿಯಾ ಚಿಕ್ಕಮ್ಮ ಬಂದು ಅಜ್ಜಿಯ ತುದಿ ನನ್ನ ತುದಿ ಕೂಡಿಸಿ ಎಳೆದಳು, ಕೂಡಿಸಿದ್ದ ಜಾಗ ಮುನಿಸಿಕೊಂಡ ಗಂಡಹೆಂಡಿರಂತೆ ಬಿಚ್ಚಿಕೊಂಡಿತು, ಅಯ್ಯೋ ಎಡಚಿ, ಎಲ್ಲಾ ಎಡಕ್ಕೆ ಹೊಸ್ದಿದೀಯಲ್ಲೇ, ಎಡದ ದಾರ ಸತ್ತವರ ಕಾಲಿಗೆ ಕಟ್ಟೋದು, ಬದುಕಿರೋರು ನಡಿಯೋಕಲ್ಲ, ಇದ್ರ ಮೇಲೆ ಕಾಲಿಟ್ಟೋರು ಸೀದಾ ನಿಮ್ಮಜ್ಜಿ ಹತ್ರಾನೇ ಹೋಗ್ತಾರೆ. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ, ಗೋಡೆಯ ಹಿಂದೆ ಹೋಗಿ ಅತ್ತುಬಿಟ್ಟೆ, ಚಿಕ್ಕಮ್ಮ ಬೇಯಿಸಿದ ಆಲೂಗಡ್ಡೆ ತಂದು ಕೈಗಿಟ್ಟಳು, ತಿನ್ನು, ಹುಲ್ಲು ನಾನು ನೆನೆಸಿಡ್ತೀನಿ. ಎಲ್ಲ ಬಿಚ್ಚಿ ಮೊದಲಿನಿಂದ, ಬಲಕ್ಕೆ, ಬಲಗೈಗೆ ದಾರಿ ಗೊತ್ತಿಲ್ಲ, ಕುರುಡಿಯ ಕೈ ಹಿಡಿದು ನಡೆಸಿದ ಹಾಗೆ, ಅಂಗೈ ಸುಲಿದಿದೆ, ಒಂಬತ್ತು, ಹನ್ನೆರಡು, ನೆರಳು ಕುಗ್ಗುತ್ತಿದೆ, ಹದಿನಾರು, ಇನ್ನೊಂದೇ ಮಾರು, ಕಡೆಯ ಗೇಣು ಬಂದಾಗ ಕೈ ನಿಂತಿತು. ಕೂಸಾಗಿದ್ದಾಗ ಅಜ್ಜಿ ನನ್ನ ಮಣಿಕಟ್ಟಿಗೆ ಎಡದ ದಾರ ಕಟ್ಟಿದ್ದಳಂತೆ, ಕೆಟ್ಟದ್ದಕ್ಕೆ ದಾರಿ ತಪ್ಪಲಿ ಅಂತ, ನಿನಗೆ ಮಾತ್ರ ತಪ್ಪಬಾರದು ಅಜ್ಜಿ, ಕಣ್ಣು ಮಂಜಾದವಳು, ಬೆರಳಲ್ಲೇ ತಡವಿ ಗುರುತು ಹಿಡಿಯುವವಳು — ಒಂದು ಬಿಗಿ ಗಂಟು ಹಾಕಿದೆ, ಗಂಟಿನಾಚೆ ಒಂದೇ ಗೇಣು ಎಡಕ್ಕೆ ಹೊಸೆದೆ, ತುದಿಗೆ ಇನ್ನೊಂದು ಗಂಟು, ಎರಡು ಗಂಟುಗಳ ನಡುವೆ ನನ್ನ ಎಡಗೈಯ ಗುರುತು.

ಯಾರ ಮನೇದು, ಎಲೆಉತೇರಿಯೋ ತಾತ ಬಂದ, ಹಗ್ಗ ಒಪ್ಪಿಸಿಕೊಳ್ಳುವವನು, ಫೋರ್ತುನಾತಾ ಅಜ್ಜಿ ಮನೇದು ಎಂದೆ, ಅವನು ಒಂದು ತುದಿ ಬಂಡೆಗೆ ಸುತ್ತಿ ಎಳೆದ, ಕೂಡಿಸಿದ ಜಾಗ ಕರಕರ ಎಂದು ಸದ್ದು ಮಾಡಿತು, ಹಿಡಿಯಿತು, ಚಿಕ್ಕಮ್ಮ ಶಿಲುಬೆ ಗುರುತು ಮಾಡಿಕೊಂಡಳು, ಅವನ ಬೆರಳು ಹಗ್ಗದುದ್ದಕ್ಕೂ ಹರಿದು ತುದಿಯಲ್ಲಿ ನಿಂತಿತು. ಈ ಬಾಲ ಏನಮ್ಮ? ಬಾಲ ತಾತ, ಬಾಲ ಇರೋದೇ ಹಾಗೆ. ಇನ್ನೊಮ್ಮೆ ತಡವಿದ, ಗೊತ್ತಾಯಿತು ಅವನಿಗೆ, ಗೊತ್ತಾಯಿತು, ಅಜ್ಜಿಯ ಜೊತೆ ಕುರಿ ಕಾದವನು, ಬಾಲ ಇಲ್ದೆ ಇದ್ರೆ ಪ್ರಾಣಿ ದಾರಿ ತಪ್ಪುತ್ತೆ ಬಿಡು ಎಂದು ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಕಟ್ಟುವಾಗ ಹೆಂಗಸರು ಕಣಿವೆಯಂಚಿಗೆ ಹೋಗುವಂತಿಲ್ಲ, ಗುಡ್ಡದ ಮೇಲಿಂದ ನೋಡುತ್ತೇನೆ, ನಮ್ಮ ಹಗ್ಗ ಬೇರೆ ಮನೆಗಳ ಹಗ್ಗಗಳ ಜೊತೆ ಹೆಣೆದುಕೊಂಡು ದಪ್ಪವಾಗುತ್ತದೆ, ಯಾವುದು ನಮ್ಮದು ಈಗ ಯಾರಿಗೂ ಕಾಣುವುದಿಲ್ಲ, ಗಂಡಸರು ಹೋ ಎಂದು ಎಳೆಯುತ್ತಾರೆ, ಆ ದಪ್ಪ ಹಗ್ಗದ ತುದಿ ಆಚೆ ದಡದ ಕಲ್ಲು ಮುಟ್ಟುತ್ತದೆ, ಮುಟ್ಟಿತು ಅಜ್ಜಿ, ನೀರು ನೋಡುವುದಿಲ್ಲ, ನೀರು ನೋಡುತ್ತಿಲ್ಲ, ಹಿಮ್ಮಡಿ ಮಾತ್ರ, ಬಿರುಕಿನಲ್ಲಿ ಹುಲ್ಲುಕಡ್ಡಿ, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ —