ಓದಿ ಹೇಳದ ಕಾಗದ

ಅರವತ್ತೆಂಟನೇ ವಯಸ್ಸಿನಲ್ಲಿ ಮೊದಲ ಕಾದಂಬರಿ ಬರೆದವನಿಗೆ ಯಾರೂ ಭೇಷ್ ಅನ್ನುವುದಿಲ್ಲ. "ಯಾಕ ಬೇಕಿತ್ರಿ ಶ್ರೀಶೈಲಪ್ಪನವರ, ಈ ವಯಸ್ಸಿನಾಗ?" ಅನ್ನುತ್ತಾರೆ. ಆರು ವರ್ಷ ಬರೆದೆ. ಧಾರವಾಡದ ಪ್ರಕಾಶಕನೊಬ್ಬ "ನೋಡೂಣ್ರಿ, ನೋಡೂಣ್ರಿ" ಅಂತಲೇ ಎರಡು ವರ್ಷ ಸವೆಸಿದ. ಕೊನೆಗೆ ಮುನ್ನೂರು ಪ್ರತಿ ಮನೆಗೆ ಬಂದು ಬಿದ್ದಾಗ ಖುಷಿಪಡುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮುದ್ದೇಬಿಹಾಳದ ನೋಂದಣಿ ಕಚೇರಿ ಎದುರು ನಲವತ್ತು ವರ್ಷ ಬಾಂಡ್ ರೈಟರ್ ಆಗಿ ಕೂತವನು ನಾನು. ಖರೀದಿ ಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಹಕ್ಕು ಬಿಡುಗಡೆ ಪತ್ರ ಅಂತ ಮಂದಿಯ ಕಾಗದ ಬರೆದು ಬರೆದು ಬೆರಳು ಸೊಟ್ಟಗಾಗಿವೆ. ಸಾಯುವ ಮುಂಚೆ ಒಂದಾದರೂ ನನ್ನದು ಬರೆಯಬೇಕು ಅನ್ನಿಸಿತ್ತು. ಕಾದಂಬರಿಯಲ್ಲಿ ಒಬ್ಬ ಅಣ್ಣ, ಒಬ್ಬ ತಂಗಿ. ಅಪ್ಪನ ಹೊಲದಲ್ಲಿ ತನ್ನ ಪಾಲು ಬೇಡವೆಂದು ತಂಗಿ ನಗುನಗುತ್ತ ಸಹಿ ಹಾಕುತ್ತಾಳೆ. ಓದುವವರು ಅಲ್ಲಿ ಕಣ್ಣೊರೆಸಿಕೊಳ್ಳಲಿ ಅಂತ ಆ ಪುಟವನ್ನು ಹನ್ನೊಂದು ಸಲ ತಿದ್ದಿದ್ದೆ.

ಮೊದಲ ಪ್ರತಿಯನ್ನು ನನ್ನ ತಂಗಿ ಇಂದುಬಾಯಿಗೆ ಅಂಚೆಯಲ್ಲಿ ಕಳಿಸಿದೆ. ಅವಳನ್ನು ಕೊಟ್ಟಿದ್ದು ಬಸವನ ಬಾಗೇವಾಡಿಗೆ. ಅವಳ ಕೈಯಿಂದಲೇ ಪುಸ್ತಕ ಬಿಡುಗಡೆ ಮಾಡಿಸಬೇಕೆಂಬುದು ನನ್ನ ಆಸೆ. ಅವಳು ವೇದಿಕೆಗೆ ಬಂದರೆ ಹಳೆಯದೆಲ್ಲ ತೊಳೆದುಹೋಗುತ್ತದೆ ಅಂದುಕೊಂಡಿದ್ದೆ. ಹದಿನೈದು ದಿನವಾದರೂ ಫೋನಿಲ್ಲ. ನಾನೇ ಬಸ್ಸು ಹತ್ತಿದೆ.

"ಬಾ ಅಣ್ಣಾ, ಕುಂದ್ರು," ಅಂತ ನೀರು ಕೊಟ್ಟಳು.

"ಓದಿದೇನವಾ?"

"ಎರಡ ಸಲ ಓದೇನಿ. ಮಂದಿ ಹೆಸರೆಲ್ಲಾ ಬದಲ್ ಮಾಡೀದಿ. ಹೊಲದ್ದ ಮರತಿ ನೋಡು."

ಪುಟ ತೆಗೆದು ನಿಧಾನವಾಗಿ ಓದಿದಳು. ಪೂರ್ವಕ್ಕೆ ಮಾಳಿಂಗನ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ತಾಳಿಕೋಟೆ ರಸ್ತೆ, ದಕ್ಷಿಣಕ್ಕೆ ಅಬ್ದುಲಗನಿಯ ಬಾವಿ. ನಮ್ಮಪ್ಪನ ಹೊಲದ ಗಡಿ, ಒಂದು ಚೂರೂ ತಪ್ಪಿಲ್ಲ! ಹೊಲದ ಮಾತು ಬಂದರೆ ನಾಲ್ಕು ದಿಕ್ಕು ಬರೆಯದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಹಾಳಾದ ರೂಢಿ. ಇವರು ಬೇರೆ ಯಾರೋ ಅಣ್ಣ ತಂಗಿ ಅಂತ ನೆಪ ಹೇಳುವ ದಾರಿಯನ್ನೂ ನಾನೇ ಮುಚ್ಚಿದ್ದೆ.

"ಗಡಿ ಖರೇ ಬರದಿ. ನಾ ನಕ್ಕೋತ ಸಹಿ ಮಾಡಿದೆ ಅಂತ ಸುಳ್ಳ ಯಾಕ ಬರದಿ?"

ಕಾಗದ ಓದಿ ಹೇಳಿದ ಮೇಲೇ ಸಹಿ ಹಾಕಿಸಬೇಕು. ಅದು ನಮ್ಮ ಕೆಲಸದ ಮೊದಲ ಪಾಠ. ಗುರುತಿಲ್ಲದವರಿಗೂ ಓದಿ ಹೇಳಿದ್ದೇನೆ. ಒಡಹುಟ್ಟಿದವಳಿಗೆ ಮಾತ್ರ ಹೇಳಲಿಲ್ಲ.

"ಬ್ಯಾಂಕಿನ ಕಾಗದ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕ ನಿನ್ನ ಸಹಿ ತಗೊಂಡೆ," ಅಂದೆ. ಅಷ್ಟು ಹೇಳಲು ಮೂವತ್ತೊಂದು ವರ್ಷ ಹಿಡಿಯಿತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

"ಗೊತ್ತಿತ್ತು. ನನಗೂ ಓದಾಕ ಬರ್ತೈತಿ. ಗೊತ್ತಿದ್ದ ಮಾಡೇನಿ. ನೀ ಬಾಯಿಬಿಟ್ಟ ಕೇಳಿದ್ರ ಕೊಡ್ತಿದ್ದೆ, ಅಣ್ಣಾ. ಕೇಳಲೇ ಇಲ್ಲಲ್ಲ ನೀ."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮುಂದಿನ ಮುದ್ರಣದಾಗ ತಿದ್ದತೇನಿ."

"ಮುಂದಿಂದ ಯಾರ ಕಂಡಾರ? ಇದರಾಗ ತಿದ್ದು."

"ಸಮಾರಂಭಕ್ಕ ಬರ್ತೀ?"

"ಮೊದಲ ತಿದ್ದು," ಅಂದು ಚಹಾ ಇಡಲು ಒಳಗೆ ಹೋದಳು.

ಪತ್ರದಲ್ಲಿ ತಪ್ಪಾದರೆ ನಾವು ಅಳಿಸುವುದಿಲ್ಲ. ತಪ್ಪು ಕಾಣುವ ಹಾಗೆ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಮಾಡುತ್ತೇವೆ. ಮೂರು ದಿನದಿಂದ ಪ್ರತಿ ಪುಸ್ತಕದಲ್ಲೂ ಅದನ್ನೇ ಮಾಡುತ್ತಿದ್ದೇನೆ. 'ನಗುನಗುತ್ತ' ಅನ್ನುವುದರ ಮೇಲೆ ಗೆರೆ. ಅದರ ಮೇಲೆ, 'ಅಣ್ಣ ಸುಳ್ಳು ಹೇಳಿದ.' ಆಮೇಲೆ ನನ್ನ ಸಹಿ. ಸಮಾರಂಭ ನಾಡಿದ್ದು. ಬಂದವರೆಲ್ಲ ಓದುತ್ತಾರೆ, ಓದಲಿ.

ಈಗಷ್ಟೇ ಅವಳ ಫೋನ್ ಬಂದಿತ್ತು.

"ಎಷ್ಟ ಆದ್ವು?"

"ನೂರಾ ಅರವತ್ತು. ಕೈ ಸೋತಾವ, ಇನ್ನ ಆಗಂಗಿಲ್ಲವಾ."

"ನಾ ಮೂವತ್ತೊಂದು ವರ್ಷ ಕಾದೇನಿ. ಬರಿ," ಅಂದು ಇಟ್ಟುಬಿಟ್ಟಳು.

ಬರೆಯುತ್ತಿದ್ದೇನೆ.