ಬೂದು ಬಣ್ಣದ ಕೈ

ಬೋಟ್ ಯಾರ್ಡಿನಲ್ಲಿ ಬಣ್ಣದ ಮೇಸ್ತ್ರಿಯಾಗಿರುವ ನನ್ನ ಯಜಮಾನರು ಕೆಲಸದಿಂದ ಬಂದರೆ ನೇರ ಬಚ್ಚಲಿಗೇ ಹೋಗಬೇಕು. ಇದು ನಾನು ಮಾಡಿದ ಕಾನೂನು. ತುಕ್ಕು ಹಿಡಿಯದಂತೆ ಇವರು ಬೋಟಿನ ಕಬ್ಬಿಣಕ್ಕೆ ಬಳಿಯುವ ಕೆಂಪು ಪ್ರೈಮರಿನಲ್ಲಿ ಸೀಸ ಇರುತ್ತದೆ, ಸೀಸ ಮಕ್ಕಳಿಗೆ ವಿಷ. ಮಗಳು ಚಿಕ್ಕವಳಿದ್ದಾಗ "ಅಪ್ಪಾ" ಎಂದು ಓಡಿದರೆ ನಾನು ರಟ್ಟೆ ಹಿಡಿದು ನಿಲ್ಲಿಸುತ್ತಿದ್ದೆ. ಇವರು ಬಾಗಿಲಲ್ಲೇ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳನ್ನು ಕಣ್ಣಲ್ಲೇ ಮುದ್ದಾಡುತ್ತಿದ್ದರು.

ಆ ಹುಡುಗಿ ಈಗ ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ. ಸೀಸದ ಬದಲು ಜಿಂಕ್ ಫಾಸ್ಫೇಟ್ ಎಂಬ ಬಿಳಿ ಪುಡಿ ಹಾಕಿ ಬೂದು ಬಣ್ಣದ ಪ್ರೈಮರ್ ತಯಾರಿಸಿದಳು. ಮೇಸ್ತ್ರಿ ಒಪ್ಪಿದರೆ ಹೊಸ ಬೋಟಿಗೆ ಅದನ್ನೇ ಬಳಿಯೋಣ ಎಂದರು ಯಾರ್ಡಿನವರು. ಮೇಸ್ತ್ರಿ ಒಪ್ಪಬೇಕಲ್ಲ!

"ಮುಖಕ್ಕೆ ಹಚ್ಕೊಳ್ಳೋ ಪೌಡರ್ ತಂದಿದ್ದೀಯಲ್ಲೇ. ಬೋಟಿಗೆ ಮೇಕಪ್ಪಾ?"

"ಪರೀಕ್ಷೆ ಮಾಡಿ ನೋಡಪ್ಪ. ಆಮೇಲೆ ನಗು."

ಇವರು ಒಂದು ಕಬ್ಬಿಣದ ತಗಡಿಗೆ ಕೆಂಪು, ಇನ್ನೊಂದಕ್ಕೆ ಬೂದು ಬಳಿದರು. ಎರಡರ ಮೇಲೂ ಕಬ್ಬಿಣ ಕಾಣುವಷ್ಟು ಆಳವಾಗಿ ಗುಣಾಕಾರದ ಗುರುತು ಗೀರಿ, ಉಪ್ಪುನೀರು ಸಿಡಿಯುವ ಕಟ್ಟೆಗೆ ನೇತುಹಾಕಿದರು.

ಮಳೆಗಾಳಿಯ ಕಾಲ ಮುಗಿದ ಮೇಲೆ ಬಿಚ್ಚಿ ಮನೆಗೆ ತಂದರು. ಬೂದು ತಗಡಿನ ಗೀರಿನಿಂದ ಕಂದು ನೀರು ಉದ್ದಕ್ಕೂ ಇಳಿದಿತ್ತು.

"ನಿನ್ನ ಪೌಡರ್ ಅತ್ತುಬಿಟ್ಟಿದೆ ಮಗಳೇ," ಎಂದರು ಇವರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಗೀರಿದ ಜಾಗ ತುಕ್ಕು ಹಿಡಿದೇ ಹಿಡಿಯುತ್ತೆ. ಅದು ಬಣ್ಣದ ಅಡಿಗೆ ನುಗ್ಗಿದೆಯಾ ಅನ್ನೋದು ಮುಖ್ಯ. ಚಾಕು ಹಾಕಪ್ಪ, ನೀನೇ."

ಇವರು ಗೀರಿನ ಅಂಚಿಗೆ ಚಾಕು ಕೊಟ್ಟು ಒತ್ತಿದರು. ಬಣ್ಣ ಏಳಲಿಲ್ಲ. ಹಲ್ಲು ಕಚ್ಚಿ ಇನ್ನೊಂದು ಕಡೆ ಒತ್ತಿದರು. ಉಗುರಿನಷ್ಟು ಎದ್ದಿತು, ಅದರಡಿಯಲ್ಲಿ ಕಬ್ಬಿಣ ಹೊಸದರಂತೆ ಹೊಳೆಯುತ್ತಿತ್ತು. ಕೆಂಪು ತಗಡನ್ನೂ ಕೆರೆದರು. ಅದೂ ಗಟ್ಟಿಯಾಗಿತ್ತು.

"ನಂದೂ ಸೋತಿಲ್ಲ, ನೋಡು!"

"ಸೋತಿಲ್ಲಪ್ಪ. ಆದ್ರೆ ನಂದು ಬಳಿದು ಬಂದ್ರೆ ನೀನು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ."

ಇವರು ಚಾಕು ಮಡಚಿದರು. ಮಡಚಿದ್ದನ್ನೇ ಬಹಳ ಹೊತ್ತು ಒರೆಸಿದರು.

ಹೊಸ ಬೋಟಿಗೆ ಬೂದು ಬಣ್ಣ ಬಿದ್ದ ದಿನ ಇವರು ಬಚ್ಚಲ ಕಡೆ ತಿರುಗಲೇ ಇಲ್ಲ. ಬಟಾಣಿ ಬಿಡಿಸುತ್ತಿದ್ದ ಮಗಳ ತಲೆಯ ಮೇಲೆ ನೇರವಾಗಿ ಕೈಯಿಟ್ಟರು.

"ಅಯ್ಯೋ, ಕೈ!" ಎಂದು ಕೂಗಿಬಿಟ್ಟೆ.

"ಸೀಸ ಇಲ್ಲ ಕಣೇ. ನನ್ನ ಮಗಳು ಮಾಡಿದ್ದು."

"ಬಣ್ಣ ಇದೆಯಲ್ರೀ!"

ಕೂದಲಲ್ಲಿ ಬೂದು ಬಣ್ಣ ಅಂಟಿಕೊಂಡಿತ್ತು. ತೆಗೆಯಲು ಎಣ್ಣೆ ತಂದೆ.

"ಇರಲಿ ಬಿಡಮ್ಮ," ಎಂದಳು. ಮರುದಿನ ಹಾಗೇ ಲ್ಯಾಬಿಗೆ ಹೋದಳು. ನಾನೂ ಬಾಗಿಲಲ್ಲಿ ನಿಂತು, ಬೀದಿಯ ತಿರುವಿನವರೆಗೂ ಆ ತಲೆಯನ್ನೇ ನೋಡಿದೆ.