ಅಜ್ಜಿ ಕಟ್ಟಿದ ಕೊನೆಯ ಉಂಡೆ

ಗಟ್ಟಿಯೂ ನೀರೂ ಒಡಹುಟ್ಟಿದ ಅಕ್ಕತಂಗಿಯರಾಗಿದ್ದ ಕಾಲವೊಂದಿತ್ತಂತೆ. ಅಕ್ಕ ಹಟಮಾರಿ, ಎಲ್ಲಿ ಕೂರಿಸಿದರೂ ತನ್ನ ಆಕಾರ ಬಿಟ್ಟುಕೊಡುತ್ತಿರಲಿಲ್ಲ. ತಂಗಿಗೆ ಸ್ವಂತ ಆಕಾರವೇ ಇಲ್ಲ. ಕೊಡದಲ್ಲಿದ್ದರೆ ಕೊಡದಂತೆ, ತಟ್ಟೆಯಲ್ಲಿದ್ದರೆ ತಟ್ಟೆಯಂತೆ. ಬೆಂಕಿ ಬಂದು ಮೈ ಸವರಿದರೆ ಅಕ್ಕ ತಂಗಿಯಾಗುವಳು, ಚಳಿ ಬಂದು ಅಪ್ಪಿದರೆ ತಂಗಿ ಅಕ್ಕನಾಗುವಳು. ಅಜ್ಜಿ ಈ ಕಥೆಯನ್ನು ಮೇಣ ಕರಗಿಸುವ ಹಂಡೆಯ ಪಕ್ಕ ಕೂತೇ ಹೇಳುತ್ತಿದ್ದಳು. ತಂಗಿಯಾದ ಮೇಲೆ ಅಕ್ಕನಿಗೆ ತನ್ನ ಹಳೆಯ ಮುಖ ನೆನಪಿರುತ್ತದೆಯೇ ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ. ಅವಳು ಸೌಟನ್ನು ನನ್ನ ಕೈಗಿತ್ತು, ತಳ ಹಿಡಿಯದಂತೆ ಆಡಿಸು ಎನ್ನುತ್ತಿದ್ದಳು.

ನಮ್ಮದು ಮೇಣದಬತ್ತಿ ಮಾಡುವ ಮನೆ. ಸಂಜೆ ಹಂಡೆಯ ತಳದಲ್ಲಿ ಉಳಿದ ಮೇಣ ಇನ್ನೂ ಮೆತ್ತಗಿರುವಾಗಲೇ ಕೆರೆದು, ಅಮುಕಿ, ಉಂಡೆ ಕಟ್ಟಿ ಗೋಡೆಯ ಗೂಡಿನಲ್ಲಿಡಬೇಕು. ಮರುದಿನ ಹಂಡೆಗೆ ಮೊದಲು ಬೀಳುವುದು ಆ ಉಂಡೆ. ಹೊಸ ಮೇಣ ಆಮೇಲೆ. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ.

ಒಂದು ಸಂಜೆ ಅಜ್ಜಿ ಎಂದಿನಂತೆ ತಳ ಕೆರೆದಳು. ಉಂಡೆಯನ್ನು ಎರಡೂ ಕೈಯಿಂದ ಒತ್ತಿ, "ನಾಳೆ ಇದನ್ನ ನೀನೇ ಹಾಕು. ಮೇಣ ಆರಿದ್ಮೇಲೆ ಅಚ್ಚಿಗೆ ಎರಡನೇ ಸಲ ಹುಯ್ಯೋದು ಮರೀಬೇಡ, ಕನಸು ಕಾಣ್ತಾ ಕೂತ್ಬಿಡ್ತೀಯ," ಎಂದಳು. ಹೂಂ ಎಂದೆ. ಬೆಳಗ್ಗೆ ಅವಳು ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಗೂಡಿಗೆ ಕೈ ಹಾಕಿದೆ. ಉಂಡೆಯ ಮೇಲೆ ಅವಳ ಬೆರಳುಗಳಿದ್ದವು. ಹೆಬ್ಬೆರಳಿನ ಗೆರೆಗಳು, ಸೊಟ್ಟ ಕಿರುಬೆರಳಿನ ಗುಳಿ, ಉಂಗುರ ಕೊರೆದ ಗೀರು. ನನ್ನ ಬೆರಳುಗಳನ್ನು ಒಂದೊಂದಾಗಿ ಅಲ್ಲಿಟ್ಟೆ. ಅವಳು ಕೈ ಹಿಡಿದಂತಾಯಿತು. ಉಂಡೆಯನ್ನು ಮತ್ತೆ ಗೂಡಿಗೇ ಸೇರಿಸಿದೆ.

ಹಂಡೆ ತಣ್ಣಗೆ ಕೂತಿತು. ಅಂಗಡಿಯವರು ಬಂದು ಬರಿಗೈಯಲ್ಲಿ ಹೋದರು. ಅಮ್ಮ ನನ್ನ ಮುಖ ನೋಡಿ ಒಳಗೆ ಹೋಗುತ್ತಿದ್ದಳು. ಚಿಕ್ಕಪ್ಪ ಮಾತ್ರ, ನಿಮ್ಮಜ್ಜಿ ಇದ್ದಿದ್ದರೆ ಉಂಡೆಯ ಬದಲು ನಿನ್ನನ್ನೇ ಹಂಡೆಗೆ ಹಾಕುತ್ತಿದ್ದಳು ಎಂದು ಗೊಣಗಿದ. ಅದೊಂದನ್ನು ಬಿಟ್ಟು ಹೊಸ ಮೇಣ ಹಾಕೋಣವೆಂದೂ ಅವನೇ ಹೇಳಿದ. ಅದಕ್ಕೂ ನಾನು ಒಪ್ಪಲಿಲ್ಲ. ಮೊದಲು ಅದನ್ನೇ ಹಾಕುತ್ತೇನೆಂದು ಮಾತು ಕೊಟ್ಟವಳು ನಾನು.

ಬಿಸಿಲು ಬಲಿಯಿತು. ಒಂದು ಮಧ್ಯಾಹ್ನ ನೋಡಿದರೆ ಕಿಟಕಿಯ ಬಿಸಿಲು ಗೂಡಿನವರೆಗೂ ಚಾಚಿತ್ತು. ಉಂಡೆ ಕರಗಿರಲಿಲ್ಲ, ಒಂದು ಮಗ್ಗುಲಿಗೆ ಕುಸಿದಿತ್ತು. ಹೆಬ್ಬೆರಳಿನ ಗೆರೆಗಳು ಅಳಿಸಿ ನುಣ್ಣಗಾಗಿದ್ದವು. ಬೆಂಕಿ ಹಚ್ಚದೆಯೂ ಅವಳು ಹೊರಟುಹೋಗುತ್ತಿದ್ದಳು. ತಣ್ಣೀರಲ್ಲಿ ಮುಳುಗಿಸಲೆಂದು ಓಡಿದವಳನ್ನು ಅಮ್ಮ ಅಡ್ಡಗಟ್ಟಿದಳು.

"ಕೊಡು ಇಲ್ಲಿ. ನಾನು ಹಾಕ್ತೀನಿ."

ಉಂಡೆ ಎದೆಗವಚಿ ಅಲ್ಲೇ ನಿಂತೆ.

"ಬೇಡಮ್ಮ. ಅವಳು ಹೇಳಿದ್ದು ನಂಗೆ."

ಒಲೆ ಹಚ್ಚಿ ಉಂಡೆಯನ್ನು ಹಂಡೆಗಿಳಿಸಿದೆ. ತಳ ಮುಟ್ಟಿದ ಅಂಚು ಮೊದಲು ಹೊಳೆಯಿತು. ಉಂಡೆ ತೇಲಲಿಲ್ಲ, ತಾನು ಕರಗಿದ್ದರಲ್ಲೇ ಮುಳುಗಿ ಕೂತು ಸಣ್ಣದಾಗುತ್ತ ಹೋಯಿತು. ಕಿರುಬೆರಳಿನ ಗುಳಿ ತುಂಬಿಕೊಂಡಿತು. ಕೊನೆಗೆ ತಿಳಿಯಾದ ಮೇಣ, ಅದರಡಿಯಲ್ಲಿ ಹಂಡೆಯ ತಳ, ಇಷ್ಟೇ. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಹೊಸ ಮೇಣದ ತುಂಡುಗಳನ್ನು ಕೊಟ್ಟಳು. ಕರಗಿಸಿ, ಬತ್ತಿ ನಿಲ್ಲಿಸಿದ ಅಚ್ಚುಗಳಿಗೆ ಹುಯ್ದೆ.

ಮೇಣ ಆರುವಾಗ ಕುಗ್ಗುತ್ತದೆ. ಸಂಜೆಯ ಹೊತ್ತಿಗೆ ಪ್ರತಿ ಅಚ್ಚಿನ ನಡುವೆ, ಬತ್ತಿಯ ಸುತ್ತ, ಯಾರೋ ಬೆರಳಲ್ಲಿ ಒತ್ತಿದಂಥ ಗುಳಿ ಬಿದ್ದಿತ್ತು. ಒಂದರಲ್ಲಿ ಕಿರುಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ.

ಆಮೇಲೆ ಸೌಟು ತೆಗೆದುಕೊಂಡು ಎರಡನೇ ಸಲ ಹುಯ್ಯತೊಡಗಿದೆ. ಕತ್ತಲಾಗುವ ಮುಂಚೆ ಗುಳಿಗಳೆಲ್ಲ ತುಂಬಿ ಮಟ್ಟಸವಾದವು.